ಮನವಿಯ ಹಕ್ಕೂ ಮನವಿದಾರನ ಇಂಗಿತವೂ: ಒಂದು ಐತಿಹಾಸಿಕ ವಿವೇಚನೆ

೧

ಪ್ರಜೆಯು ತನ್ನ ಕಷ್ಟವನ್ನು ಆಳುವವರ ಮುಂದೆ ನಿವೇದಿಸಿಕೊಳ್ಳುವ ಆಚಾರವು ರಾಜ್ಯವ್ಯವಸ್ಥೆಯಷ್ಟೇ ಪ್ರಾಚೀನವಾದುದು. ಬಿನ್ನಹ, ಅರಿಕೆ, ಅಹವಾಲು, ಅರ್ಜಿ, ಮನವಿ ಎಂದು ನಮ್ಮ ನುಡಿಯಲ್ಲಿ ಅದಕ್ಕಿರುವ ಹೆಸರುಗಳ ಬಾಹುಳ್ಯವೇ ಅದರ ವ್ಯಾಪ್ತಿಯನ್ನು ಸೂಚಿಸುತ್ತದೆ. ಆದರೆ ಆಚಾರ ಬೇರೆ, ಹಕ್ಕು ಬೇರೆ. ಬಿನ್ನಹ ಮಾಡಿಕೊಂಡ ಕಾರಣಕ್ಕಾಗಿಯೇ ಯಾರನ್ನೂ ದಂಡಿಸಕೂಡದು ಎಂಬ ನಿಯಮವು ಖಚಿತವಾದ ಶಾಸನರೂಪವನ್ನು ತಾಳಿದ್ದು ಹದಿನೇಳನೆಯ ಶತಮಾನದ ಇಂಗ್ಲೆಂಡಿನಲ್ಲಿ. ಅದು ಸಂವಿಧಾನದ ಅಂಗವಾಗಿ ವಿಸ್ತಾರವಾದ ವ್ಯಾಖ್ಯಾನಕ್ಕೆ ಒಳಗಾದದ್ದು ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ.

ಈ ಹಕ್ಕಿನ ಇತಿಹಾಸದಲ್ಲಿ ಒಂದು ಕಠಿನವಾದ ಪ್ರಶ್ನೆ ಮತ್ತೆ ಮತ್ತೆ ತಲೆದೋರಿದೆ. ಮನವಿದಾರನು ತನಗೆ ಒದಗಿದ ಅನ್ಯಾಯಕ್ಕೆ ಪರಿಹಾರವನ್ನು ಕೇಳಿದಾಗ ಅವನಿಗೆ ರಕ್ಷಣೆಯಿರಬೇಕೆಂಬುದರಲ್ಲಿ ವಿವಾದವಿಲ್ಲ. ಆದರೆ ಅವನು ಕೇಳುವುದು ತನ್ನ ನೆರೆಯವನಿಗೆ ಅನ್ಯಾಯವಾಗಲಿ ಎಂದಾದರೆ? ವರ್ಣದ್ವೇಷದಿಂದಲೋ ಮತದ್ವೇಷದಿಂದಲೋ ದುರ್ಬಲರ ಮೇಲಣ ತಾತ್ಸಾರದಿಂದಲೋ ಪ್ರೇರಿತನಾಗಿ ಒಬ್ಬನು ಸರ್ಕಾರಕ್ಕೆ ಅರ್ಜಿ ಬರೆದರೆ, ಅಥವಾ ನ್ಯಾಯಾಲಯದಲ್ಲಿ ದಾವೆ ಹೂಡಿದರೆ, ಆ ಅರ್ಜಿಗೂ ದಾವೆಗೂ ವಾಕ್ಸ್ವಾತಂತ್ರ್ಯದ ಕವಚ ಉಂಟೇ? ತಾರತಮ್ಯವನ್ನು ನಿಷೇಧಿಸಿರುವ ರಾಜ್ಯವು ತಾರತಮ್ಯವನ್ನು ಬೇಡುವವನನ್ನು ಶಿಕ್ಷಿಸಬಹುದೇ?

ಈ ಪ್ರಶ್ನೆಗೆ ಇಂಗ್ಲೆಂಡು ಮತ್ತು ಅಮೆರಿಕಗಳ ಅನುಭವದಿಂದ ದೊರೆಯುವ ಉತ್ತರವನ್ನು ಕಾಲಾನುಕ್ರಮವಾಗಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಸುಮಾರು ಮುನ್ನೂರು ವರ್ಷಗಳ ಈ ಇತಿಹಾಸದಿಂದ ಒಂದು ತತ್ತ್ವವು ಕ್ರಮೇಣ ಹೊರಹೊಮ್ಮಿತೆಂದು ನಮ್ಮ ಅಭಿಪ್ರಾಯ. ಕೇಳುವವನ ಬಾಯಿಯನ್ನು ಕಟ್ಟದೆ ಕೊಡುವವನ ಕೈಯನ್ನು ಕಟ್ಟಬೇಕು ಎಂಬುದೇ ಆ ತತ್ತ್ವ. ಅದರ ಗುಣವನ್ನೂ ಅದಕ್ಕಾಗಿ ತೆರಬೇಕಾದ ಬೆಲೆಯನ್ನೂ ಸಮನಾಗಿ ತೂಗಿ ನೋಡುವುದು ಅಗತ್ಯ.

೨

ಮನವಿಯ ಹಕ್ಕಿನ ಚರಿತ್ರೆಯನ್ನು ಬರೆಯುವವರು ೧೬೮೮ರ ಏಳು ಮಂದಿ ಬಿಷಪ್ಪರ ವಿಚಾರಣೆಯನ್ನು ಅದರ ಮೊದಲ ಮಹಾಘಟ್ಟವೆಂದು ಪರಿಗಣಿಸುವುದು ವಾಡಿಕೆ. ಎರಡನೆಯ ಜೇಮ್ಸ್ ದೊರೆಯು ಕ್ಯಾಥೊಲಿಕರ ಮೇಲೂ ಆಂಗ್ಲಿಕನ್ ಚರ್ಚಿನಿಂದ ಹೊರಗುಳಿದ ಇತರ ಕ್ರೈಸ್ತ ಪಂಥಗಳ ಮೇಲೂ ಇದ್ದ ಶಾಸನನಿರ್ಬಂಧಗಳನ್ನು ತನ್ನ ವಿಶೇಷಾಧಿಕಾರದಿಂದ ತಡೆಹಿಡಿದು ಘೋಷಣೆಯನ್ನು ಹೊರಡಿಸಿದನು. ಅದನ್ನು ಎಲ್ಲ ಚರ್ಚುಗಳಲ್ಲಿಯೂ ಓದಿಹೇಳಬೇಕೆಂದು ಆಜ್ಞಾಪಿಸಿದನು. ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಸ್ಯಾಂಕ್ರಾಫ್ಟನೂ ಇತರ ಆರು ಮಂದಿ ಬಿಷಪ್ಪರೂ ಈ ಆಜ್ಞೆಯಿಂದ ತಮಗೆ ವಿನಾಯಿತಿ ಕೋರಿ ದೊರೆಗೆ ಮನವಿಯನ್ನು ಅರ್ಪಿಸಿದರು. ದೊರೆಯು ಆ ಮನವಿಯನ್ನೇ ರಾಜದ್ರೋಹದ ನಿಂದಾಲೇಖವೆಂದು ಪರಿಗಣಿಸಿ ಅವರನ್ನು ಲಂಡನ್ನಿನ ಗೋಪುರದಲ್ಲಿ ಸೆರೆಯಿಟ್ಟು ವಿಚಾರಣೆಗೆ ಗುರಿಪಡಿಸಿದನು. ಜೂನ್ ೩೦ರಂದು ಜ್ಯೂರಿಯು ಅವರನ್ನು ನಿರ್ದೋಷಿಗಳೆಂದು ಸಾರಿತು. ಆ ವರ್ಷವೇ ಜೇಮ್ಸನು ದೇಶಬಿಟ್ಟು ಓಡಿಹೋದನು. ೧೬೮೯ರ ಹಕ್ಕುಗಳ ಶಾಸನವು ದೊರೆಗೆ ಮನವಿ ಮಾಡಿಕೊಳ್ಳುವುದು ಪ್ರಜೆಗಳ ಹಕ್ಕೆಂದೂ, ಅಂತಹ ಮನವಿಗಾಗಿ ಸೆರೆಯಿಡುವುದೂ ಮೊಕದ್ದಮೆ ಹೂಡುವುದೂ ಕಾನೂನುಬಾಹಿರವೆಂದೂ ವಿಧಿಸಿತು.

ಈ ಘಟನೆಯ ಇನ್ನೊಂದು ಮುಖವನ್ನು ಸಾಮಾನ್ಯವಾಗಿ ಯಾರೂ ಒತ್ತಿ ಹೇಳುವುದಿಲ್ಲ. ಬಿಷಪ್ಪರು ವಿರೋಧಿಸಿದ ಘೋಷಣೆಯು ಮತಸಹಿಷ್ಣುತೆಯ ಘೋಷಣೆಯಾಗಿತ್ತು. ಪಾರ್ಲಿಮೆಂಟಿನ ಸಮ್ಮತಿಯಿಲ್ಲದೆ ಶಾಸನವನ್ನು ತಡೆಹಿಡಿಯುವ ಅಧಿಕಾರ ದೊರೆಗಿಲ್ಲವೆಂಬುದು ಅವರು ಮುಂದಿಟ್ಟ ವಾದ. ಇತರ ಪಂಥದವರ ವಿಷಯದಲ್ಲಿ ತಮಗೆ ನಿರ್ದಾಕ್ಷಿಣ್ಯವಿಲ್ಲವೆಂದೂ ಅವರು ಹೇಳಿಕೊಂಡಿದ್ದರು. ಆದರೂ ಕ್ಯಾಥೊಲಿಕರಿಗೆ ಸಮಾನತೆ ದೊರೆಯುವುದನ್ನು ಸಹಿಸದ ಜನಮನೋಧರ್ಮದ ಬೆಂಬಲ ಅವರಿಗೆ ಧಾರಾಳವಾಗಿ ಇದ್ದಿತೆಂಬುದು ಸುವಿದಿತ. ಬಿಷಪ್ಪರನ್ನು ರಕ್ಷಿಸಿದ ೧೬೮೯ರ ಶಾಸನವೇ ಕ್ಯಾಥೊಲಿಕರಿಗೆ ಸಿಂಹಾಸನವನ್ನು ನಿಷೇಧಿಸಿತು. ಆಯುಧಧಾರಣೆಯ ಹಕ್ಕನ್ನು ಪ್ರಾಟೆಸ್ಟಂಟರಿಗೆ ಸೀಮಿತಗೊಳಿಸಿತು. ಆದುದರಿಂದ ಮನವಿಯ ಹಕ್ಕಿನ ಮೂಲದಲ್ಲಿಯೇ ಮಿಶ್ರವಾದ ಇಂಗಿತವುಳ್ಳ ಮನವಿಯೊಂದು ನಿಂತಿದೆ. ಆ ಏಳು ಮಂದಿಯ ಹೃದಯವನ್ನು ಶೋಧಿಸಿ ಅನಂತರ ರಕ್ಷಣೆ ಕೊಡುವುದೆಂದು ಹೊರಟಿದ್ದರೆ ಆ ಹಕ್ಕು ಅಂದೇ ಸಂದಿಗ್ಧವಾಗುತ್ತಿತ್ತು.

೩

ಅಟ್ಲಾಂಟಿಕ್ ಸಾಗರದಾಚೆಯ ವಸಾಹತುಗಳಲ್ಲಿ ಮನವಿಯ ಸ್ವಾತಂತ್ರ್ಯವು ಇದಕ್ಕಿಂತಲೂ ಮುಂಚೆಯೇ ಬೇರೂರಿತ್ತು. ಮ್ಯಾಸಚೂಸೆಟ್ಸಿನ ೧೬೪೧ರ ಸ್ವಾತಂತ್ರ್ಯಸಂಹಿತೆಯು ಊರಿನವನಾಗಲಿ ಹೊರಗಿನವನಾಗಲಿ, ಸ್ವತಂತ್ರನಾಗಲಿ ಅಸ್ವತಂತ್ರನಾಗಲಿ, ಪ್ರತಿಯೊಬ್ಬನಿಗೂ ಸಾರ್ವಜನಿಕ ಸಭೆಯ ಮುಂದೆ ದೂರನ್ನೂ ಮನವಿಯನ್ನೂ ಸಲ್ಲಿಸುವ ಅವಕಾಶವನ್ನು ನೀಡಿತ್ತು. ಸ್ವಾತಂತ್ರ್ಯಾನಂತರ ೧೭೯೧ರಲ್ಲಿ ಅಂಗೀಕೃತವಾದ ಸಂವಿಧಾನದ ಮೊದಲನೆಯ ತಿದ್ದುಪಡಿಯಲ್ಲಿ ಮತ, ವಾಕ್ಕು, ಮುದ್ರಣ, ಸಭೆ ಇವುಗಳೊಡನೆ ಕುಂದುಕೊರತೆಗಳ ಪರಿಹಾರಕ್ಕಾಗಿ ಸರ್ಕಾರಕ್ಕೆ ಮನವಿ ಮಾಡಿಕೊಳ್ಳುವ ಹಕ್ಕೂ ಸ್ಥಾನ ಪಡೆಯಿತು.

ಆ ಕಾಲದಲ್ಲಿ ಈ ಹಕ್ಕನ್ನು ಉಪಯೋಗಿಸಿದವರೆಲ್ಲರೂ ಉದಾತ್ತಾಶಯರಾಗಿರಲಿಲ್ಲ. ಗುಲಾಮರನ್ನು ಒಡೆಯರೇ ಸ್ವೇಚ್ಛೆಯಿಂದ ಬಿಡುಗಡೆ ಮಾಡುವುದಕ್ಕೆ ವರ್ಜೀನಿಯ ಸಂಸ್ಥಾನವು ೧೭೮೨ರಲ್ಲಿ ಅನುಮತಿ ನೀಡಿತು. ಕೂಡಲೇ ಅದನ್ನು ವಿರೋಧಿಸಿ, ಗುಲಾಮಗಿರಿಯನ್ನು ಭದ್ರಪಡಿಸಬೇಕೆಂದು ಕೋರಿ, ೧೭೮೪–೮೫ರಲ್ಲಿ ಹಲವು ಕೌಂಟಿಗಳಿಂದ ಸಾವಿರಕ್ಕೂ ಮಿಕ್ಕಿದ ಸಹಿಗಳುಳ್ಳ ಮನವಿಗಳು ಶಾಸನಸಭೆಗೆ ಬಂದವು. ವಿಮೋಚನೆಯನ್ನು ಬೇಡಿದ ಮೆಥಡಿಸ್ಟರ ಮನವಿಯೂ ಅದೇ ಸಭೆಯ ಮುಂದೆ ಬಂದಿತು. ಮನುಷ್ಯರನ್ನು ಸ್ವತ್ತಾಗಿಯೇ ಉಳಿಸಿ ಎಂಬ ಬಿನ್ನಹವೂ ಮನುಷ್ಯರನ್ನು ಬಿಡಿಸಿ ಎಂಬ ಬಿನ್ನಹವೂ ಒಂದೇ ಮೇಜಿನ ಮೇಲೆ ಅಕ್ಕಪಕ್ಕದಲ್ಲಿ ಕುಳಿತಿದ್ದವು. ಅಂದು ವಿಮೋಚನೆಯ ಬಿನ್ನಹ ತಿರಸ್ಕೃತವಾಯಿತು. ಆದರೆ ಎರಡರಲ್ಲಿ ಯಾವುದನ್ನು ಬರೆದವರನ್ನೂ ಸಭೆಯು ಶಿಕ್ಷಿಸಲಿಲ್ಲ.

ಅರ್ಧ ಶತಮಾನದ ತರುವಾಯ ಸ್ಥಿತಿ ಬದಲಾಯಿಸಿತು. ಉತ್ತರದ ಸಂಸ್ಥಾನಗಳಿಂದ ಗುಲಾಮಗಿರಿಯ ವಿರುದ್ಧ ಮನವಿಗಳು ಪ್ರವಾಹದಂತೆ ಹರಿದುಬರತೊಡಗಿದಾಗ, ೧೮೩೬ರ ಮೇ ತಿಂಗಳಿನಲ್ಲಿ ಪ್ರತಿನಿಧಿಸಭೆಯು ಅಂತಹ ಮನವಿಗಳನ್ನು ಓದದೆ, ಮುದ್ರಿಸದೆ, ಚರ್ಚಿಸದೆ ಬದಿಗಿರಿಸಬೇಕೆಂದು ನಿರ್ಣಯಿಸಿತು. ಚರಿತ್ರೆಯಲ್ಲಿ ಇದು ‘ಬಾಯಿಕಟ್ಟಿನ ನಿಯಮ’ವೆಂದು ಕುಪ್ರಸಿದ್ಧವಾಗಿದೆ. ಇದರ ವಿರುದ್ಧ ಎಂಟು ವರ್ಷಗಳ ಕಾಲ ಹೋರಾಡಿದವನು ಜಾನ್ ಕ್ವಿನ್ಸಿ ಆಡಮ್ಸ್. ೧೮೨೫ರಿಂದ ೧೮೨೯ರ ವರೆಗೆ ರಾಷ್ಟ್ರಾಧ್ಯಕ್ಷನಾಗಿದ್ದ ಆತನು ೧೮೩೧ರಲ್ಲಿ ಸಾಮಾನ್ಯ ಸದಸ್ಯನಾಗಿ ಪ್ರತಿನಿಧಿಸಭೆಯನ್ನು ಪ್ರವೇಶಿಸಿದ್ದನು.

ನಮ್ಮ ವಿಷಯಕ್ಕೆ ಅತ್ಯಂತ ಮಹತ್ವವಾದುದು ೧೮೩೭ರ ಫೆಬ್ರುವರಿಯ ಪ್ರಸಂಗ. ಗುಲಾಮರಿಂದಲೇ ಬಂದಿದೆಯೆನ್ನಲಾದ ಮನವಿಯೊಂದು ತನ್ನ ಕೈಯಲ್ಲಿದೆ, ಅದನ್ನು ಸಭೆಯ ಮುಂದಿಡಬಹುದೇ ಎಂದು ಆಡಮ್ಸನು ಸಭಾಧ್ಯಕ್ಷನನ್ನು ಕೇಳಿದನು. ದಕ್ಷಿಣದ ಸದಸ್ಯರು ಕ್ರೋಧದಿಂದ ಎದ್ದುನಿಂತು ಅವನನ್ನು ಖಂಡಿಸುವ ನಿರ್ಣಯಗಳನ್ನು ಮಂಡಿಸಿದರು. ಆಗ ಆಡಮ್ಸನು ಒಂದು ಸಂಗತಿಯನ್ನು ತಿಳಿಸಿದನು: ಆ ಮನವಿಯ ಪ್ರಾರ್ಥನೆಯು ಗುಲಾಮಗಿರಿಯನ್ನು ತೊಡೆದುಹಾಕಬೇಕೆಂದಿರಲಿಲ್ಲ, ಅದು ತನ್ನ ಸ್ವಂತ ಅಭಿಮತಕ್ಕೆ ವಿರುದ್ಧವಾದುದೇ ಆಗಿತ್ತು. ಬಹುಶಃ ಆಡಮ್ಸನನ್ನು ಹಾಸ್ಯಾಸ್ಪದನನ್ನಾಗಿ ಮಾಡಲು ಯಾರೋ ದುರುದ್ದೇಶದಿಂದ ಕಳುಹಿಸಿದ್ದ ಕಾಗದವದು. ಆದರೂ ಬೇಡುವವನು ಯಾರು, ಏನನ್ನು ಬೇಡುತ್ತಾನೆ, ಯಾವ ಮನಸ್ಸಿನಿಂದ ಬೇಡುತ್ತಾನೆ ಎಂಬುದನ್ನು ನೋಡಿ ಬೇಡುವ ಹಕ್ಕನ್ನು ಅಳೆಯಕೂಡದೆಂಬುದು ಅವನ ನಿಲುವು. ಸಭೆಯು ಅವನನ್ನು ಖಂಡಿಸಲಾರದೆ ಹೋಯಿತು. ಆದರೆ ಗುಲಾಮರಿಗೆ ಮನವಿಯ ಹಕ್ಕಿಲ್ಲವೆಂದು ಠರಾವು ಮಾಡಿತು. ಸ್ವತಂತ್ರ, ಅಸ್ವತಂತ್ರರೆಂಬ ಭೇದವಿಲ್ಲದೆ ೧೬೪೧ರಲ್ಲಿ ಮ್ಯಾಸಚೂಸೆಟ್ಸಿನಲ್ಲಿ ದೊರೆತಿದ್ದುದು ೧೮೩೭ರಲ್ಲಿ ರಾಷ್ಟ್ರದ ಸಭೆಯಲ್ಲಿ ಇಲ್ಲವಾಯಿತು.

೧೮೪೨ರಲ್ಲಿ ಆಡಮ್ಸನು ಹೇವರಿಲ್ ಪಟ್ಟಣದ ೪೬ ಮಂದಿ ನಾಗರಿಕರ ಮನವಿಯನ್ನು ಮಂಡಿಸಿದನು. ಸಂಯುಕ್ತ ಸಂಸ್ಥಾನಗಳ ಒಕ್ಕೂಟವನ್ನೇ ವಿಸರ್ಜಿಸಬೇಕೆಂಬುದು ಅದರ ಕೋರಿಕೆ. ಆ ಕೋರಿಕೆಗೆ ತನ್ನ ಸಮ್ಮತಿಯಿಲ್ಲವೆಂದೂ, ಅದನ್ನು ಈಡೇರಿಸಲಾಗದಿರುವುದಕ್ಕೆ ಕಾರಣಗಳನ್ನು ಒಂದು ಸಮಿತಿಯು ಬರೆದುಕೊಡಬೇಕೆಂದೂ ಅವನು ಸೂಚಿಸಿದನು. ಈ ಸಲವೂ ಅವನನ್ನು ಖಂಡಿಸುವ ಯತ್ನ ವಿಫಲವಾಯಿತು. ೧೮೪೪ರ ಡಿಸೆಂಬರ್ ೩ರಂದು ೧೦೮ಕ್ಕೆ ೮೦ ಮತಗಳಿಂದ ಬಾಯಿಕಟ್ಟಿನ ನಿಯಮ ರದ್ದಾಯಿತು. ಅಸಮ್ಮತವಾದ ಮನವಿಗೆ ತಕ್ಕ ಪ್ರತಿಕ್ರಿಯೆ ಸಕಾರಣವಾದ ನಿರಾಕರಣೆಯೇ ಹೊರತು ಮನವಿದಾರನ ದಂಡನೆಯಲ್ಲ ಎಂಬ ತತ್ತ್ವ ಇಲ್ಲಿ ಸ್ಪಷ್ಟವಾಗಿ ಮೂಡಿದೆ.

೪

ಇಪ್ಪತ್ತನೆಯ ಶತಮಾನದಲ್ಲಿ ಈ ಸಮಸ್ಯೆ ಶಾಸನಸಭೆಯಿಂದ ನ್ಯಾಯಾಲಯಕ್ಕೆ ವರ್ಗವಾಯಿತು. ಅಮೆರಿಕದ ನಗರಗಳಲ್ಲಿ ನೆರೆಹೊರೆಯ ಬಿಳಿಯ ಸ್ವತ್ತುದಾರರು ತಮ್ಮ ಮನೆಗಳನ್ನು ಕಪ್ಪು ಜನರಿಗೆ ಮಾರಕೂಡದು, ಬಾಡಿಗೆಗೂ ಕೊಡಕೂಡದು ಎಂದು ಪರಸ್ಪರ ಕರಾರು ಮಾಡಿಕೊಳ್ಳುವ ಪದ್ಧತಿ ವ್ಯಾಪಕವಾಗಿತ್ತು. ಸೇಂಟ್ ಲೂಯಿಸ್ ನಗರದ ಒಂದು ಬೀದಿಯವರು ೧೯೧೧ರಲ್ಲಿ ೫೦ ವರ್ಷಗಳ ಅವಧಿಗೆ ಇಂತಹ ಕರಾರಿಗೆ ಸಹಿ ಹಾಕಿದ್ದರು. ೧೯೪೫ರಲ್ಲಿ ಅದನ್ನರಿಯದೆ ಒಂದು ಕಪ್ಪು ಕುಟುಂಬ ಅಲ್ಲಿ ಮನೆಯನ್ನು ಕೊಂಡಿತು. ಅವರನ್ನು ಹೊರಹಾಕಬೇಕೆಂದು ನೆರೆಯವರು ದಾವೆ ಹೂಡಿದರು. ಮಿಸ್ಸೂರಿ ಸಂಸ್ಥಾನದ ಸರ್ವೋಚ್ಚ ನ್ಯಾಯಾಲಯ ಅವರ ಪರವಾಗಿಯೇ ತೀರ್ಪಿತ್ತಿತು. ದಾವೆಯ ಉದ್ದೇಶವು ಗುಪ್ತವಾಗಿರಲಿಲ್ಲ; ವರ್ಣಭೇದವೇ ಅದರ ಒಡಲಾಗಿತ್ತು.

೧೯೪೮ರ ಮೇ ೩ರಂದು ಶೆಲ್ಲಿ ವಿರುದ್ಧ ಕ್ರೇಮರ್ ಎಂಬ ಈ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಕೆಳಗಿನ ತೀರ್ಪನ್ನು ತಳ್ಳಿಹಾಕಿತು. ಮುಖ್ಯ ನ್ಯಾಯಾಧೀಶ ವಿನ್ಸನ್ ಬರೆದ ತೀರ್ಪಿನ ತರ್ಕಸರಣಿ ಗಮನಾರ್ಹವಾದುದು. ಖಾಸಗಿ ಜನರು ತಮ್ಮತಮ್ಮೊಳಗೆ ಇಂತಹ ಕರಾರನ್ನು ಮಾಡಿಕೊಂಡು ಸ್ವೇಚ್ಛೆಯಿಂದ ಪಾಲಿಸಿದರೆ ಅದು ಸಂವಿಧಾನದ ಹದಿನಾಲ್ಕನೆಯ ತಿದ್ದುಪಡಿಯ ವ್ಯಾಪ್ತಿಗೆ ಬಾರದು. ಆದರೆ ಅದನ್ನು ಜಾರಿಗೆ ತರಲು ನ್ಯಾಯಾಲಯವು ತನ್ನ ಅಧಿಕಾರವನ್ನು ಎರವಲು ಕೊಟ್ಟರೆ ಅದು ರಾಜ್ಯದ ಕೃತ್ಯವಾಗುತ್ತದೆ, ರಾಜ್ಯವು ವರ್ಣಭೇದ ಮಾಡಲಾಗದು. ೧೯೫೩ರಲ್ಲಿ ಬ್ಯಾರೋಸ್ ವಿರುದ್ಧ ಜ್ಯಾಕ್ಸನ್ ಪ್ರಕರಣದಲ್ಲಿ ಇದೇ ತರ್ಕವನ್ನು ವಿಸ್ತರಿಸಿ, ಕರಾರನ್ನು ಮುರಿದವರಿಂದ ನಷ್ಟಪರಿಹಾರ ಕೊಡಿಸುವುದಕ್ಕೂ ನ್ಯಾಯಾಲಯ ಸಾಧನವಾಗಲಾರದೆಂದು ಸಾರಲಾಯಿತು. ಇಲ್ಲಿ ದಾವೆ ಹೂಡಿದವರಿಗೆ ಯಾವ ದಂಡವೂ ಇಲ್ಲ. ಅವರು ಕೇಳಿದ್ದನ್ನು ಕೊಡುವ ಅಧಿಕಾರ ಮಾತ್ರ ನ್ಯಾಯಾಲಯಕ್ಕೆ ಇಲ್ಲವಾಯಿತು.

ಇದರ ಹಿನ್ನೆಲೆಯಲ್ಲಿ ೧೯೬೩ರ ಇನ್ನೊಂದು ತೀರ್ಪನ್ನು ಓದಬೇಕು. ಶಾಲೆಗಳಲ್ಲಿ ವರ್ಣಪ್ರತ್ಯೇಕತೆಯು ಸಂವಿಧಾನವಿರೋಧಿಯೆಂದು ೧೯೫೪ರಲ್ಲಿ ತೀರ್ಪಾದ ಮೇಲೆ, ವರ್ಜೀನಿಯ ಸಂಸ್ಥಾನವು ೧೯೫೬ರಲ್ಲಿ ದಾವೆಗಳನ್ನು ಪ್ರೇರೇಪಿಸುವ ಸಂಸ್ಥೆಗಳನ್ನು ನಿರ್ಬಂಧಿಸುವ ಶಾಸನಗಳನ್ನು ಮಾಡಿತು. ಕಪ್ಪು ಜನರ ಹಕ್ಕುಗಳಿಗಾಗಿ ಹೋರಾಡುತ್ತಿದ್ದ ಎನ್.ಎ.ಎ.ಸಿ.ಪಿ. ಸಂಸ್ಥೆಯನ್ನು ನ್ಯಾಯಾಲಯದ ಬಾಗಿಲಿನಿಂದ ದೂರವಿಡುವುದೇ ಇವುಗಳ ಫಲವಾಗಿತ್ತು. ಆ ಸಂಸ್ಥೆಯ ಪಾಲಿಗೆ ದಾವೆಯು ಬರಿಯ ಖಾಸಗಿ ವ್ಯಾಜ್ಯವಲ್ಲ, ರಾಜಕೀಯ ಅಭಿವ್ಯಕ್ತಿಯ ಒಂದು ವಿಧಾನ ಎಂದು ಸುಪ್ರೀಂ ಕೋರ್ಟಿನ ನ್ಯಾಯಾಧೀಶ ಬ್ರೆನನ್ ಬರೆದನು; ಮತಪೆಟ್ಟಿಗೆಯಿಂದ ತಮ್ಮ ಗುರಿಯನ್ನು ಮುಟ್ಟಲಾರದ ಅಲ್ಪಸಂಖ್ಯಾತರಿಗೆ ನ್ಯಾಯಾಲಯವೇ ಮನವಿಯ ಏಕಮಾತ್ರ ದಾರಿಯಾಗಿರಬಹುದೆಂದೂ ಹೇಳಿದನು. ದಾವೆಗೆ ದೊರೆತ ಈ ರಕ್ಷಣೆಯು ಪೀಡಿತರ ಕೈಯಲ್ಲಿ ಆಯುಧವಾಗಿ ಹುಟ್ಟಿತೆಂಬುದನ್ನು ಮರೆಯಬಾರದು.

೫

ಇಂಗಿತದ ಪ್ರಶ್ನೆಯನ್ನು ಅಮೆರಿಕದ ಸುಪ್ರೀಂ ಕೋರ್ಟು ನೇರವಾಗಿ ಎದುರಿಸಿದ್ದು ವರ್ಣಭೇದಕ್ಕೆ ಸಂಬಂಧವಿಲ್ಲದ ವಾಣಿಜ್ಯ ವಿವಾದವೊಂದರಲ್ಲಿ. ರೈಲ್ವೆ ಕಂಪನಿಗಳು ತಮ್ಮ ಪ್ರತಿಸ್ಪರ್ಧಿಗಳಾದ ಪೆನ್ಸಿಲ್ವೇನಿಯದ ಲಾರಿ ಸಾಗಣೆದಾರರನ್ನು ಹಣಿಯಲು ಪ್ರಚಾರ ಸಂಸ್ಥೆಯೊಂದನ್ನು ನೇಮಿಸಿಕೊಂಡು, ತಮ್ಮ ಹೆಸರನ್ನು ಮರೆಮಾಚಿ, ಶಾಸನಕ್ಕಾಗಿ ಪ್ರಚಾರ ನಡೆಸಿದವು. ಸಾಗಣೆದಾರರು ಏಕಸ್ವಾಮ್ಯ ನಿಷೇಧ ಶಾಸನದ ಅಡಿಯಲ್ಲಿ ಮೊಕದ್ದಮೆ ಹೂಡಿದರು. ೧೯೬೧ರಲ್ಲಿ ನ್ಯಾಯಾಧೀಶ ಬ್ಲ್ಯಾಕ್ ಬರೆದ ಸರ್ವಾನುಮತದ ತೀರ್ಪು, ಸರ್ಕಾರದಿಂದ ಶಾಸನವನ್ನು ಕೋರುವುದು ಈ ನಿಷೇಧಕ್ಕೆ ಒಳಪಡದೆಂದೂ, ಕೋರಿದವರ ಉದ್ದೇಶ ಪ್ರತಿಸ್ಪರ್ಧಿಯ ನಾಶವೇ ಆಗಿದ್ದರೂ ವ್ಯತ್ಯಾಸವಿಲ್ಲವೆಂದೂ ಹೇಳಿತು. ಜನರು ತಮಗೆ ಲಾಭವಾಗಲೆಂದು, ಇತರರಿಗೆ ಹಾನಿಯಾಗಲೆಂದು ಶಾಸನವನ್ನು ಕೇಳುವುದು ಲೋಕರೂಢಿ. ಅಂತಹ ಆಸೆಯುಳ್ಳವರನ್ನೆಲ್ಲ ಹೊರಗಿಟ್ಟರೆ ಸರ್ಕಾರಕ್ಕೆ ಸುದ್ದಿ ಮುಟ್ಟಿಸುವವರೇ ಉಳಿಯರು.

ನೋಯರ್ ತತ್ತ್ವವೆಂದು ಹೆಸರಾದ ಈ ನಿಯಮವನ್ನು ೧೯೬೫ರ ಪೆನಿಂಗ್ಟನ್ ಪ್ರಕರಣವು ದೃಢಪಡಿಸಿತು. ೧೯೭೨ರಲ್ಲಿ ನ್ಯಾಯಾಲಯಗಳ ಮತ್ತು ಆಡಳಿತ ಮಂಡಲಿಗಳ ಮುಂದಿನ ವ್ಯವಹಾರಗಳಿಗೂ ಅದು ವ್ಯಾಪಿಸಿತು. ದಾವೆಯೂ ಒಂದು ಬಗೆಯ ಮನವಿಯೇ ಎಂಬ ಸಮೀಕರಣ ಹೀಗೆ ಸ್ಥಾಪಿತವಾಯಿತು. ಇದಕ್ಕೆ ಐತಿಹಾಸಿಕ ಆಧಾರ ಸಾಲದೆಂಬ ಸಂಶಯವನ್ನು ನ್ಯಾಯಾಧೀಶ ಸ್ಕಾಲಿಯ ೨೦೧೧ರಲ್ಲಿ ವ್ಯಕ್ತಪಡಿಸಿದುದುಂಟು. ಆದರೆ ನಿಯಮ ಬದಲಾಗಲಿಲ್ಲ.

ರಕ್ಷಣೆಗೆ ಮೇರೆಗಳೂ ಇವೆ. ಸರ್ಕಾರದಿಂದ ಏನನ್ನೂ ಪಡೆಯುವ ಉದ್ದೇಶವಿಲ್ಲದೆ, ವ್ಯವಹಾರದ ಕಿರುಕುಳದಿಂದಲೇ ಎದುರಾಳಿಯನ್ನು ಬಳಲಿಸಲು ಹೂಡಿದ ದಾವೆಯು ಮನವಿಯ ವೇಷ ಮಾತ್ರ, ಅದಕ್ಕೆ ರಕ್ಷಣೆಯಿಲ್ಲ. ಆದರೆ ವೇಷವೆಂದು ನಿರ್ಣಯಿಸುವುದು ಹೇಗೆ? ೧೯೮೩ರ ಒಂದು ಪ್ರಕರಣದಲ್ಲಿ ಅರಿಜೋನದ ಉಪಾಹಾರಗೃಹವೊಂದು ಕಾರ್ಮಿಕ ಹಕ್ಕುಗಳಿಗಾಗಿ ಹೋರಾಡಿದ ಪರಿಚಾರಿಕೆಯ ಮೇಲೆ ಸೇಡಿಗಾಗಿ ದಾವೆ ಹೂಡಿತೆಂಬ ಆರೋಪವಿತ್ತು. ದಾವೆಗೆ ಯುಕ್ತವಾದ ಆಧಾರವಿದ್ದರೆ ಸೇಡಿನ ಇಂಗಿತವೊಂದರಿಂದಲೇ ಅದನ್ನು ತಡೆಯಲಾಗದೆಂದು ಸುಪ್ರೀಂ ಕೋರ್ಟು ಹೇಳಿತು. ೧೯೯೩ರ ತೀರ್ಪು ಈ ಪರೀಕ್ಷೆಗೆ ಎರಡು ಮೆಟ್ಟಲುಗಳನ್ನು ಕಟ್ಟಿತು: ವಿವೇಕಿಯಾದ ಯಾವ ದಾವೆದಾರನೂ ಗೆಲುವನ್ನು ನಿರೀಕ್ಷಿಸಲಾರದಷ್ಟು ನಿರಾಧಾರವಾದ ದಾವೆಯೇ ಎಂಬುದನ್ನು ಮೊದಲು ನೋಡಬೇಕು, ಹಾಗಿದ್ದರೆ ಮಾತ್ರ ಅವನ ಮನಸ್ಸಿನೊಳಗೆ ಇಣುಕಬೇಕು. ಅಂದರೆ ಇಂಗಿತವು ಎರಡನೆಯ ಬಾಗಿಲು. ಮೊದಲ ಬಾಗಿಲು ತೆರೆಯದೆ ಅಲ್ಲಿಗೆ ಹೋಗುವಂತಿಲ್ಲ. ಇವಲ್ಲದೆ, ಉದ್ದೇಶಪೂರ್ವಕವಾಗಿ ಸುಳ್ಳು ದೂಷಣೆಯನ್ನು ಬರೆದ ಮನವಿಗೆ ಪೂರ್ಣವಿನಾಯಿತಿಯಿಲ್ಲವೆಂದು ೧೯೮೫ರಲ್ಲಿ ತೀರ್ಪಾಯಿತು. ದಾವೆಯಿಂದ ಸಾಧಿಸಬೇಕೆಂದಿರುವ ಗುರಿಯೇ ಶಾಸನವಿರುದ್ಧವಾಗಿದ್ದರೆ ಅದು ರಕ್ಷಣೆಯ ಹೊರಗೆಂಬ ಸೂಚನೆಯೂ ೧೯೮೩ರ ತೀರ್ಪಿನಲ್ಲಿದೆ. ಶೆಲ್ಲಿ ಪ್ರಕರಣದ ನೆರೆಯವರ ದಾವೆಯಂತಹುದು ಇಂದು ಬಂದರೆ ಈ ವರ್ಗಕ್ಕೆ ಸೇರುತ್ತದೆ.

೬

ಈ ಎರಡು ಧಾರೆಗಳು, ಎಂದರೆ ತಾರತಮ್ಯದ ನಿಷೇಧವೂ ಮನವಿಯ ಸ್ವಾತಂತ್ರ್ಯವೂ, ಮುಖಾಮುಖಿಯಾದುದು ಕ್ಯಾಲಿಫೋರ್ನಿಯದ ಬರ್ಕ್ಲಿ ನಗರದಲ್ಲಿ. ಮಾರ್ಟಿನ್ ಲೂಥರ್ ಕಿಂಗನ ಹತ್ಯೆಯಾದ ಒಂದು ವಾರದೊಳಗೆ, ೧೯೬೮ರ ಏಪ್ರಿಲ್ ೧೧ರಂದು, ವಸತಿಯ ವಿಷಯದಲ್ಲಿ ತಾರತಮ್ಯವನ್ನು ನಿಷೇಧಿಸುವ ಶಾಸನ ಜಾರಿಗೆ ಬಂದಿತ್ತು. ಹಕ್ಕನ್ನು ಅನುಭವಿಸುವವರಿಗೆ ಬೆದರಿಕೆ ಹಾಕುವುದನ್ನೂ ಅಡ್ಡಿಪಡಿಸುವುದನ್ನೂ ಅದು ನಿಷೇಧಿಸಿತ್ತು. ೧೯೮೮ರ ತಿದ್ದುಪಡಿಯಿಂದ ಅಂಗವಿಕಲರಿಗೂ ಮನೋರೋಗಿಗಳಿಗೂ ಅದರ ರಕ್ಷಣೆ ದೊರೆಯಿತು.

೧೯೯೨ರಲ್ಲಿ ಬರ್ಕ್ಲಿಯ ಹಳೆಯ ಮೋಟೆಲೊಂದನ್ನು ನಿರ್ವಸಿತರ ವಾಸಗೃಹವಾಗಿ ಪರಿವರ್ತಿಸುವ ಯೋಜನೆ ಮುಂದೆ ಬಂದಾಗ ನೆರೆಯ ಕೆಲವು ನಿವಾಸಿಗಳು ಅದನ್ನು ವಿರೋಧಿಸಿದರು. ಸಭೆಗಳಲ್ಲಿ ಮಾತನಾಡಿದರು, ಪತ್ರಿಕೆಗಳಿಗೆ ಬರೆದರು, ಕೊನೆಗೆ ಸಂಸ್ಥಾನದ ನ್ಯಾಯಾಲಯದಲ್ಲಿ ದಾವೆಯನ್ನೂ ಹೂಡಿದರು. ಈ ವಿರೋಧಕ್ಕೆ ಮನೋರೋಗಿಗಳ ಮತ್ತು ವ್ಯಸನಪೀಡಿತರ ಮೇಲಣ ದ್ವೇಷವೇ ಪ್ರೇರಣೆಯೆಂದು ವಸತಿಹಕ್ಕಿನ ಸಂಸ್ಥೆಯೊಂದು ಕೇಂದ್ರದ ವಸತಿ ಇಲಾಖೆಗೆ ದೂರಿತ್ತಿತು. ಇಲಾಖೆಯ ಅಧಿಕಾರಿಗಳು ಸುಮಾರು ಎಂಟು ತಿಂಗಳ ಕಾಲ ಮೂವರು ನಿವಾಸಿಗಳ ಮೇಲೆ ತನಿಖೆ ನಡೆಸಿದರು. ಅವರ ಬರಹಗಳನ್ನೂ ಕಾಗದಪತ್ರಗಳನ್ನೂ ಒಪ್ಪಿಸಬೇಕೆಂದರು. ದಾವೆಯನ್ನೂ ಪ್ರಚಾರಪತ್ರಗಳನ್ನೂ ನಿಲ್ಲಿಸಿದರೆ ತನಿಖೆಯನ್ನು ಕೈಬಿಡುವುದಾಗಿ ರಾಜಿಸೂತ್ರವನ್ನು ಮುಂದಿಟ್ಟರು. ಸಾರ್ವಜನಿಕ ಟೀಕೆಯ ಬಳಿಕ ೧೯೯೪ರಲ್ಲಿ ವಾಷಿಂಗ್ಟನ್ನಿನ ಮುಖ್ಯ ಕಛೇರಿಯು ತನಿಖೆಯನ್ನು ಮುಕ್ತಾಯಗೊಳಿಸಿತು.

ನಿವಾಸಿಗಳು ಅಧಿಕಾರಿಗಳ ಮೇಲೆ ಮೊಕದ್ದಮೆ ಹೂಡಿದರು. ವೈಟ್ ವಿರುದ್ಧ ಲೀ ಎಂಬ ಈ ಪ್ರಕರಣದಲ್ಲಿ ೨೦೦೦ದ ಸೆಪ್ಟೆಂಬರಿನಲ್ಲಿ ಒಂಬತ್ತನೆಯ ವಲಯದ ಅಪೀಲು ನ್ಯಾಯಾಲಯವು ಅವರ ಪರವಾಗಿ ತೀರ್ಪಿತ್ತಿತು. ತೀರ್ಪನ್ನು ಬರೆದ ನ್ಯಾಯಾಧೀಶ ಸ್ಟೀಫನ್ ರೈನ್‌ಹಾರ್ಟನು ನಾಗರಿಕ ಹಕ್ಕುಗಳ ನಿಷ್ಠಾವಂತ ಪಕ್ಷಪಾತಿಯೆಂದು ಹೆಸರಾದವನು. ಶಾಂತರೀತಿಯ ಮಾತು, ಬರಹ, ಸಭೆ, ಮನವಿಗಳಿಗೆ ಮೊದಲನೆಯ ತಿದ್ದುಪಡಿಯ ರಕ್ಷಣೆಯಿದೆ. ದಾವೆಗೂ ಅದು ನಿರಾಧಾರವಾದ ವೇಷವಾಗಿಲ್ಲದ ಪಕ್ಷದಲ್ಲಿ ರಕ್ಷಣೆಯಿದೆ. ದಾವೆಯು ನಿರಾಧಾರವೆಂದು ತೋರದಿರುವಾಗ ಇಂಗಿತವನ್ನು ಶೋಧಿಸಲು ಅಧಿಕಾರಿಗಳಿಗೆ ಎಡೆಯಿಲ್ಲ ಎಂಬುದು ಅದರ ಸಾರ. ಶಿಕ್ಷೆಯಾಗದಿದ್ದರೂ, ಸುದೀರ್ಘವಾದ ತನಿಖೆಯೇ ಸಾಮಾನ್ಯ ಮನುಷ್ಯನ ಬಾಯಿ ಮುಚ್ಚಿಸಲು ಸಾಕೆಂಬುದನ್ನೂ ನ್ಯಾಯಾಲಯ ಗುರುತಿಸಿತು.

ಹಾಗಾದರೆ ದುರ್ಬಲರಿಗೆ ರಕ್ಷಣೆ ಎಲ್ಲಿದೆ? ಅದು ಕೊಡುವವನ ಕೈಯನ್ನು ಕಟ್ಟುವುದರಲ್ಲಿದೆ. ಟೆಕ್ಸಾಸಿನ ಕ್ಲೀಬರ್ನ್ ನಗರದಲ್ಲಿ ಬುದ್ಧಿಮಾಂದ್ಯವುಳ್ಳ ೧೩ ಮಂದಿಗಾಗಿ ಮನೆಯೊಂದನ್ನು ತೆರೆಯಲು ನಗರಸಭೆಯು ಪರವಾನಗಿಯನ್ನು ನಿರಾಕರಿಸಿತ್ತು. ನೆರೆಯವರ ವಿರೋಧವೂ ಭೀತಿಯೂ ಅದಕ್ಕೆ ಕಾರಣಗಳಾಗಿದ್ದವು. ೧೯೮೫ರಲ್ಲಿ ಸುಪ್ರೀಂ ಕೋರ್ಟು ಆ ನಿರಾಕರಣೆಯನ್ನು ರದ್ದುಗೊಳಿಸಿತು. ಭೀತಿಯನ್ನು ವ್ಯಕ್ತಪಡಿಸಿದ ನೆರೆಯವರನ್ನು ಯಾರೂ ಪ್ರಶ್ನಿಸಲಿಲ್ಲ. ಅವರ ಭೀತಿಯನ್ನೇ ಆಜ್ಞೆಯಾಗಿ ಮಾರ್ಪಡಿಸಿದ ನಗರಸಭೆ ಉತ್ತರ ಹೇಳಬೇಕಾಯಿತು.

೭

ಈ ತತ್ತ್ವವನ್ನು ಪ್ರಶಂಸಿಸುವುದು ಸುಲಭ. ಆದರೆ ಅದರ ಬೆಲೆಯನ್ನು ತೆರುವವರು ಯಾರೆಂಬುದನ್ನು ಹೇಳದೆ ಬಿಡುವುದು ಚರಿತ್ರಕಾರನಿಗೆ ಒಪ್ಪುವುದಲ್ಲ. ಫ್ಲಾರಿಡದಲ್ಲಿ ೧೯೮೧ರಲ್ಲಿ, ವಿಚ್ಛೇದಿತ ತಂದೆಯೊಬ್ಬನು ತನ್ನ ಮಗುವನ್ನು ತಾಯಿಯಿಂದ ಬಿಡಿಸಿ ತನಗೆ ಕೊಡಿಸಬೇಕೆಂದು ಕೋರ್ಟಿಗೆ ಅರ್ಜಿ ಹಾಕಿದನು. ಬಿಳಿಯಳಾದ ತಾಯಿ ಕಪ್ಪು ವರ್ಣದವನೊಡನೆ ಬಾಳುತ್ತಿದ್ದಳು, ಎರಡು ತಿಂಗಳಲ್ಲಿ ಅವನನ್ನು ಮದುವೆಯೂ ಆದಳು. ಸಮಾಜವು ಮಗುವನ್ನು ಹೀನವಾಗಿ ಕಾಣುವುದೆಂಬ ಕಾರಣವನ್ನು ಹೇಳಿ ಕೆಳಗಿನ ನ್ಯಾಯಾಲಯ ತಂದೆಗೆ ಮಗುವನ್ನು ಒಪ್ಪಿಸಿತು. ೧೯೮೪ರಲ್ಲಿ ಸುಪ್ರೀಂ ಕೋರ್ಟು ಸರ್ವಾನುಮತದಿಂದ ಅದನ್ನು ತಳ್ಳಿಹಾಕಿ, ಖಾಸಗಿ ಜನರ ಪೂರ್ವಗ್ರಹವನ್ನು ಕಾನೂನು ಅಳಿಸಲಾರದೆ ಹೋದರೂ ಅದಕ್ಕೆ ಬಲ ಕೊಡಲಾರದೆಂದು ಸಾರಿತು. ಪ್ರಸ್ತುತ ಲೇಖನದ ತತ್ತ್ವಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ದೊರೆಯದು. ಆದರೆ ಅಷ್ಟರಲ್ಲಿ ವರ್ಷಗಳು ಉರುಳಿದ್ದವು. ತಂದೆಯು ಮಗುವಿನೊಡನೆ ಬೇರೆ ಸಂಸ್ಥಾನಕ್ಕೆ ಹೋಗಿದ್ದನು. ರಾಷ್ಟ್ರದ ಅತ್ಯುನ್ನತ ನ್ಯಾಯಾಲಯದಲ್ಲಿ ಗೆದ್ದ ತಾಯಿಗೆ ಮಗು ಹಿಂದಿರುಗಿ ಬರಲಿಲ್ಲ.

ದಾವೆಯು ಸೋತರೂ ದಾವೆಯ ಕಾಲದ ನಷ್ಟ ಉಳಿಯುತ್ತದೆ. ವಾಸಗೃಹದ ಕಟ್ಟಡ ನಿಂತುಹೋದ ತಿಂಗಳುಗಳಲ್ಲಿ ನಿರ್ವಸಿತನು ಬೀದಿಯಲ್ಲಿಯೇ ಇರುತ್ತಾನೆ. ಇದನ್ನು ಅಲ್ಲಗಳೆಯುವಂತಿಲ್ಲ. ಆದರೂ ಪರ್ಯಾಯವನ್ನು ಚಿಂತಿಸಿದಾಗ ಚರಿತ್ರೆಯ ಸಾಕ್ಷ್ಯವು ಒಂದೇ ದಿಕ್ಕನ್ನು ತೋರಿಸುತ್ತದೆ. ಇಂಗಿತವನ್ನು ನಿರ್ಣಯಿಸುವ ಅಧಿಕಾರವು ಯಾರ ಕೈಯಲ್ಲಿದ್ದಿತೋ ಅವರು ಅದನ್ನು ಮೊದಲು ಬಳಸಿದ್ದು ದುರ್ಬಲರ ವಿರುದ್ಧವೇ. ಜೇಮ್ಸ್ ದೊರೆಗೆ ಬಿಷಪ್ಪರ ಇಂಗಿತವು ರಾಜದ್ರೋಹವಾಗಿ ಕಂಡಿತು. ೧೮೩೬ರ ಸಭೆಗೆ ದಾಸ್ಯವಿರೋಧಿಗಳ ಇಂಗಿತವು ಕಲಹಪ್ರಚೋದನೆಯಾಗಿ ಕಂಡಿತು. ೧೯೫೬ರ ವರ್ಜೀನಿಯಕ್ಕೆ ಕಪ್ಪು ಜನರ ದಾವೆಗಳು ವ್ಯಾಜ್ಯದ ವ್ಯಾಪಾರವಾಗಿ ಕಂಡವು. ಬರ್ಕ್ಲಿಯ ಅಧಿಕಾರಿಗಳ ಉದ್ದೇಶ ಉತ್ತಮವಾಗಿದ್ದಿರಬಹುದು. ಆದರೆ ಅವರು ಕೈಗೆತ್ತಿಕೊಂಡ ಸಾಧನ ಹಳೆಯದೇ.

ತಾರತಮ್ಯದ ನೋವನ್ನು ತಗ್ಗಿಸುವ ಮಾರ್ಗವನ್ನು ಬೇರೆಡೆ ಅರಸಬೇಕು. ನಿರಾಧಾರವಾದ ದಾವೆಗಳನ್ನು ಆರಂಭದಲ್ಲಿಯೇ ವಜಾ ಮಾಡುವುದು, ಕಾಲವಿಳಂಬವನ್ನು ತಡೆಯುವುದು, ಪೂರ್ವಗ್ರಹಕ್ಕೆ ಮಣಿದ ಅಧಿಕಾರಿಯನ್ನು ಹೊಣೆಗಾರನನ್ನಾಗಿ ಮಾಡುವುದು, ಇವು ಕೊಡುವವನ ಕೈಯನ್ನು ಕಟ್ಟುವ ವಿಧಾನಗಳು. ಇವು ಸಡಿಲವಾದಲ್ಲಿ ಕೇಳುವವನ ಸ್ವಾತಂತ್ರ್ಯದ ಭಾರವೆಲ್ಲವೂ ದುರ್ಬಲನ ಬೆನ್ನಿನ ಮೇಲೆಯೇ ಬೀಳುತ್ತದೆ.

ನಮ್ಮ ದೇಶದ ಸಂವಿಧಾನದ ೩೫೦ನೆಯ ವಿಧಿಯು ಯಾವನೇ ವ್ಯಕ್ತಿಯು ತನ್ನ ಕುಂದುಕೊರತೆಯ ಪರಿಹಾರಕ್ಕಾಗಿ ಕೇಂದ್ರದ ಅಥವಾ ರಾಜ್ಯದ ಯಾವುದೇ ಅಧಿಕಾರಿಗೆ, ಅಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ, ಮನವಿ ಸಲ್ಲಿಸಬಹುದೆಂದು ಹೇಳುತ್ತದೆ. ಕನ್ನಡಿಗನು ಕನ್ನಡದಲ್ಲಿಯೇ ತನ್ನ ಅಹವಾಲನ್ನು ಹೇಳಿಕೊಳ್ಳಬಹುದು. ಆ ಅಹವಾಲುಗಳಲ್ಲಿ ಕೆಲವು ನೆರೆಯವನ ಏಳಿಗೆಯನ್ನು ಸಹಿಸದ ಮನಸ್ಸಿನಿಂದ ಬರೆದವಾಗಿರುವುದೂ ಸಂಭವ. ಅವನ್ನು ತೆರೆದು ಓದುವ ಅಧಿಕಾರಿಯು ಬರೆದವನನ್ನು ಬೆದರಿಸದೆ, ಬರೆದುದಕ್ಕೆ ಮಣಿಯದೆ, ನ್ಯಾಯವಾದ ಉತ್ತರವನ್ನು ಬರೆದು ಕಳುಹಿಸುವುದು ಸಾಧ್ಯವಾದರೆ ಆಡಮ್ಸನು ೧೮೪೨ರಲ್ಲಿ ಕೇಳಿದುದು ಕೈಗೂಡಿದಂತೆ.